ನರಕದ ಬಾಗಿಲಿಗೆ ಒಳಚಿಲಕವಿಲ್ಲ

"ದೇವರು ಯಾರನ್ನೂ ನರಕಕ್ಕೆ ಕಳಿಸುವುದಿಲ್ಲ, ಮನುಷ್ಯನೇ ತನ್ನ ಕಾಲಮೇಲೆ ನಡೆದು ಹೋಗುತ್ತಾನೆ." ಪ್ರಾರ್ಥನಾ ಕೂಟಗಳಲ್ಲಿ, ವಾಟ್ಸ್‌ಆ್ಯಪಿಗೆ ಬರುವ ಕನ್ನಡ ಪ್ರಸಂಗಗಳಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಕೈಗಿಡುವ ಕರಪತ್ರಗಳಲ್ಲಿ ಈ ಮಾತು ಎಷ್ಟು ಸಲ ಬರುತ್ತದೆಂದರೆ, ಇದರಲ್ಲಿ ಪ್ರಶ್ನೆ ಮಾಡುವಂಥದ್ದು ಏನಾದರೂ ಇದೆ ಎಂದೇ ಯಾರಿಗೂ ಅನ್ನಿಸುವುದಿಲ್ಲ. ಕೇಳಲು ಹಿತವಾಗಿದೆ. ದೇವರ ಪ್ರೀತಿಗೂ ಮುಕ್ಕಾಗಲಿಲ್ಲ, ನರಕವೂ ಉಳಿಯಿತು, ಮನುಷ್ಯನಿಗೆ ಸ್ವಾತಂತ್ರ್ಯದ ಗೌರವವೂ ಸಿಕ್ಕಿತು. ಸ್ವಲ್ಪ ಓದಿಕೊಂಡವರು ಇದರ ಬೆನ್ನಿಗೆ ಸಿ. ಎಸ್. ಲೂಯಿಸ್‌ನನ್ನು ಕರೆತರುತ್ತಾರೆ. ನೋವಿನ ಸಮಸ್ಯೆಯ ಬಗ್ಗೆ 1940ರಲ್ಲಿ ಬರೆದ ಪುಸ್ತಕದಲ್ಲಿ ಅವನು ನರಕದ ಬಾಗಿಲಿಗೆ ಚಿಲಕ ಬಿದ್ದಿರುವುದು ಒಳಗಿನಿಂದ ಎಂಬ ಚಿತ್ರವೊಂದನ್ನು ಕೊಟ್ಟ. ಒಳಗಿರುವವರೇ ಹಾಕಿಕೊಂಡ ಚಿಲಕ. ಆ ಚಿತ್ರ ಕ್ರೈಸ್ತ ಜಗತ್ತಿನ ಮುಕ್ಕಾಲು ಪಾಲು ಬೋಧಕರಿಗೆ ಸುಖನಿದ್ದೆ ತಂದಿದೆ.

ಈ ಮಾತು ಸುಳ್ಳು ಎಂಬುದು ನನ್ನ ವಾದ. ಬೈಬಲ್ ಸುಳ್ಳು, ದೇವರು ಸುಳ್ಳು ಎಂದು ನಾನು ಹೇಳುತ್ತಿಲ್ಲ. ಅದು ಬೇರೆಯದೇ ಜಗಳ. ಸರ್ವಶಕ್ತನಾದ, ಸರ್ವವನ್ನೂ ಬಲ್ಲ, ಏನೂ ಇಲ್ಲದಲ್ಲಿಂದ ಎಲ್ಲವನ್ನೂ ಸೃಷ್ಟಿಸಿದ ದೇವರೊಬ್ಬನನ್ನು ಒಪ್ಪಿಕೊಂಡವರು, ಎಂದಿಗೂ ಮುಗಿಯದ ನರಕವನ್ನೂ ಒಪ್ಪಿಕೊಂಡರೆ, ಆ ನರಕದ ಹೊಣೆಯನ್ನು ಮನುಷ್ಯನ ಇಚ್ಛೆಯ ತಲೆಗೆ ಕಟ್ಟುವ ಹಕ್ಕು ಅವರಿಗೆ ಉಳಿಯುವುದಿಲ್ಲ. ಇಷ್ಟೇ ನನ್ನ ತಕರಾರು.

ಅಬ್ಬೆತುಮಕೂರಿನವನಿಗೆ ಈ ಉಸಾಬರಿ ಯಾಕೆ ಎಂದು ಕೇಳುವವರಿದ್ದಾರೆ. ನಾನು ಕ್ರೈಸ್ತನಲ್ಲ. ವಿಶ್ವಾರಾಧ್ಯರ ಮಠದ ಜಾತ್ರೆಯ ಧೂಳಿನಲ್ಲಿ ಬೆಳೆದವನು. ಆದರೆ ಯಾದಗಿರಿಯ ಕ್ರೈಸ್ತ ಮನೆಗಳಲ್ಲಿ ಉಂಡಿದ್ದೇನೆ, ಅವರ ಮಣ್ಣಿಗೆ ಹೋಗಿದ್ದೇನೆ. ಅಂಥ ಒಂದು ಮನೆಯಲ್ಲಿ ಕೇಳಿದ ಪ್ರಶ್ನೆ ನನ್ನನ್ನು ಈ ಹಳೆಯ ಪುಸ್ತಕಗಳತ್ತ ದಬ್ಬಿತು. ಮಗ ಸೊಸೆ ದೀಕ್ಷಾಸ್ನಾನ ಪಡೆದಿದ್ದರು, ಮುದುಕಿ ಪಡೆದಿರಲಿಲ್ಲ. ಕೊನೆಯವರೆಗೂ ಯಲ್ಲಮ್ಮನ ಹೆಸರು ಹೇಳುತ್ತಲೇ ತೀರಿಕೊಂಡಳು. ಒಂಬತ್ತನೆಯದೋ ಹತ್ತನೆಯದೋ ಓದುವ ಮೊಮ್ಮಗಳು ಪಾಸ್ಟರನ್ನು ನೇರವಾಗಿ ಕೇಳಿದಳು: "ನಮ್ಮ ಆಯಿ ಈಗ ಎಲ್ಲಿದ್ದಾಳ್ರಿ?" ಪಾಸ್ಟರು ಒಳ್ಳೆಯ ಮನುಷ್ಯ. ಸ್ವಲ್ಪ ಹೊತ್ತು ನೆಲ ನೋಡಿ, "ಅಕಿಗೆ ಅವಕಾಶ ಕೊಟ್ಟಿದ್ದನವ್ವ ದೇವರು, ಅಕಿನೇ ತಗೊಳ್ಳಿಲ್ಲ" ಅಂದರು.

ಆ ಹುಡುಗಿ ಕೇಳಿದ್ದು ಹೊಸ ಪ್ರಶ್ನೆಯಲ್ಲ. ಗೋವೆಯಲ್ಲಿ ನಮಗೆ ಪರಿಚಿತನಾದ ಫ್ರಾನ್ಸಿಸ್ ಝೇವಿಯರ್ ಜಪಾನಿಗೆ ಹೋದಾಗ ಅಲ್ಲಿನ ಹೊಸ ಕ್ರೈಸ್ತರೂ ಇದನ್ನೇ ಕೇಳಿದರು. ಸತ್ತುಹೋದ ನಮ್ಮ ತಂದೆತಾಯಿಗಳು, ಮಕ್ಕಳು ನರಕದಲ್ಲಿದ್ದಾರೆಯೆ? ದಾನ, ಪ್ರಾರ್ಥನೆ ಏನನ್ನಾದರೂ ಮಾಡಿ ಅವರನ್ನು ಹೊರಗೆ ತರಬಹುದೆ? ಆಗುವುದಿಲ್ಲ ಎಂದ ಝೇವಿಯರ್. ಅವರು ಅತ್ತರು. ದೇವರಿಗೆ ಅವರನ್ನು ಹೊರತರುವ ಶಕ್ತಿ ಇಲ್ಲವೆ ಎಂದೂ ಕೇಳಿದರು. ಇಷ್ಟು ಪ್ರೀತಿಯ ಗೆಳೆಯರು ಹೀಗೆ ಅಳುವುದನ್ನು ನೋಡಿ ತನಗೂ ಸಂಕಟವಾಯಿತೆಂದು 1552ರ ಪತ್ರದಲ್ಲಿ ಅವನೇ ಬರೆದುಕೊಂಡಿದ್ದಾನೆ. ಅವರಿಗೆ ಸುವಾರ್ತೆ ಮುಟ್ಟಿಸುವ ಒಬ್ಬನೂ ಆ ದ್ವೀಪಗಳಿಗೆ ಅದುವರೆಗೆ ಕಾಲಿಟ್ಟಿರಲಿಲ್ಲ ಎಂಬುದನ್ನು ನೆನಪಿಡಿ. ಕೇಳದೇ ಇದ್ದ ಸುದ್ದಿಯನ್ನು ತಿರಸ್ಕರಿಸಿದ ತಪ್ಪಿಗೆ ಒಂದು ದೇಶದ ಅಷ್ಟೂ ಪೂರ್ವಿಕರು! ಇಲ್ಲಿ ಒಳಚಿಲಕ ಎಲ್ಲಿತ್ತು?

ಇದಕ್ಕೆ ತಯಾರಾಗಿರುವ ಉತ್ತರ ನನಗೆ ಗೊತ್ತು. ದೇವರಿಗೆ ಮೊದಲೇ ತಿಳಿದಿರುತ್ತದೆ ನಿಜ, ಆದರೆ ತಿಳಿದಿರುವುದು ಬೇರೆ, ಮಾಡಿಸುವುದು ಬೇರೆ. ಆರನೇ ಶತಮಾನದಲ್ಲಿ ಬೊಯೇಥಿಯಸ್ ಎಂಬ ರೋಮನ್ ಪಂಡಿತ ಮರಣದಂಡನೆಗೆ ಕಾಯುತ್ತ ಸೆರೆಮನೆಯಲ್ಲಿ ಕೂತು ಈ ವಾದವನ್ನು ನೇಯ್ದ. ದಾರಿಯಲ್ಲಿ ಒಬ್ಬ ನಡೆಯುವುದನ್ನು ನಾನು ನೋಡಿದರೆ ನನ್ನ ನೋಟ ಅವನನ್ನು ನಡೆಸುವುದಿಲ್ಲ. ಹಾಗೆಯೇ ದೇವರ ನೋಟವೂ. ವಾದ ಚೆನ್ನಾಗಿದೆ. ಆದರೆ ಇದನ್ನು ಪರೀಕ್ಷಿಸಲು ನಮಗೆ ಬೊಯೇಥಿಯಸ್‌ನ ಸೆರೆಮನೆ ಬೇಕಿಲ್ಲ. ಯಾದಗಿರಿ ಜಿಲ್ಲೆಯೊಳಗೇ, ಸುರಪುರದಲ್ಲಿ, ಇದಕ್ಕೆ ಹೇಳಿ ಮಾಡಿಸಿದಂಥ ಒಂದು ಪ್ರಕರಣ ಇದೆ.

ಫಿಲಿಪ್ ಮೆಡೋಸ್ ಟೇಲರ್ 1841ರಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡ. ಎಳೆಯ ದೊರೆ ವೆಂಕಟಪ್ಪ ನಾಯಕ ಅವನನ್ನು 'ಅಪ್ಪಾ' ಎಂದು ಕರೆಯುತ್ತಿದ್ದ. ಟೇಲರ್ ಸತ್ತ ಮೇಲೆ 1877ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಒಂದು ಜಾತಕದ ಕಥೆ ಬರುತ್ತದೆ. ಈ ಹುಡುಗ ಇಪ್ಪತ್ನಾಲ್ಕನೇ ವಯಸ್ಸಿನಲ್ಲಿ ಸಾಯುತ್ತಾನೆ ಎಂದು ಜಾತಕ ಹೇಳಿತ್ತು. ಅರಮನೆಯ ಆಪ್ತರು ಅದನ್ನು ಟೇಲರಿಗೆ ಮೊದಲೇ ತಿಳಿಸಿದ್ದರು. 1858ರಲ್ಲಿ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಎದ್ದ, ಸೋತ, ಹೈದರಾಬಾದಿನಲ್ಲಿ ಸೆರೆಸಿಕ್ಕ. ಮರಣದಂಡನೆಯಾಯಿತು. ಅದು ಗಡೀಪಾರಿಗೆ ಇಳಿಯಿತು. ಗವರ್ನರ್ ಜನರಲ್ ಅದನ್ನೂ ಇಳಿಸಿ ಚೆಂಗಲ್ಪಟ್ಟು ಕೋಟೆಯಲ್ಲಿ ನಾಲ್ಕು ವರ್ಷದ ಸೆರೆವಾಸ ಎಂದ. ಜಾತಕ ಸುಳ್ಳಾಯಿತು ಎಂದುಕೊಳ್ಳುವ ಹೊತ್ತಿಗೆ, ಮದರಾಸಿನ ದಾರಿಯ ಮೊದಲ ಬಿಡಾರದಲ್ಲೇ, ಕಾವಲಿನ ಅಧಿಕಾರಿಯ ರಿವಾಲ್ವರಿನಿಂದ ಗುಂಡು ಹಾರಿ ಯುವಕ ಸತ್ತ. ಅದು ಆತ್ಮಹತ್ಯೆ ಎಂಬುದನ್ನು ಒಪ್ಪದವರೂ ಇದ್ದಾರೆ. ಟೇಲರ್ ಹೇಳುವಂತೆ, ಅದು ಇಪ್ಪತ್ನಾಲ್ಕನೇ ವರ್ಷ.

ಟೇಲರ್ ಕಟುಕನಾಗಿರಲಿಲ್ಲ. ಹುಡುಗನ ಮೇಲೆ ಅವನಿಗೆ ನಿಜವಾದ ಮಮತೆ ಇತ್ತು, ಸೆರೆಯಲ್ಲಿ ಹೋಗಿ ಕಂಡು ಬಂದಿದ್ದ. ಅದಕ್ಕೇ ಆ ಪುಟಗಳನ್ನು ಓದುವಾಗ ಗಂಟಲು ಕಟ್ಟುತ್ತದೆ, ಮತ್ತು ಅದಕ್ಕೇ ನಾವು ಎಚ್ಚರವಾಗಿರಬೇಕು. ಜಾತಕ ನಿಜವೆಂದೇ ಒಂದು ಕ್ಷಣ ಒಪ್ಪೋಣ. ಬರೆದ ಜೋಯಿಸನ ಮೇಲೆ ಕೊಲೆಯ ಆರೋಪ ಹೊರಿಸಲಾಗದು. ಆ ಹುಡುಗನನ್ನು ಅವನು ಹುಟ್ಟಿಸಲಿಲ್ಲ, ರಿವಾಲ್ವರು ಮಾಡಲಿಲ್ಲ, ಕಂಪನಿಯನ್ನು ಹಿಂದೂಸ್ತಾನಕ್ಕೆ ಕರೆತರಲಿಲ್ಲ. ಇಲ್ಲಿಯವರೆಗೆ ಬೊಯೇಥಿಯಸ್ ಗೆದ್ದ. ಈಗ ಕಥೆಯನ್ನು ಸ್ವಲ್ಪ ಬದಲಿಸಿ. ಜೋಯಿಸನೇ ಹುಡುಗನನ್ನು ಸೃಷ್ಟಿಸಿದ್ದ. ಅವನ ಸಿಟ್ಟು, ಅಭಿಮಾನ, ಹೆದರಿಕೆಗಳನ್ನೂ ಅವನೇ ಹದ ಮಾಡಿದ್ದ. ಕಂಪನಿ, ಡೇರೆ, ಮೇಜಿನ ಮೇಲಿನ ರಿವಾಲ್ವರು ಎಲ್ಲವೂ ಅವನದೇ ನಿರ್ಮಾಣ. ಬೇರೆ ಥರ ಮಾಡಲು ಅವನಿಗೆ ಎಳ್ಳಷ್ಟೂ ಅಡ್ಡಿ ಇರಲಿಲ್ಲ. ಹೀಗೆ ಮಾಡಿದರೆ ಹೀಗಾಗುತ್ತದೆಂದು ಪೂರ್ತಿ ಗೊತ್ತಿದ್ದೇ ಹೀಗೆ ಮಾಡಿದ. ಆಮೇಲೆ ಹೆಣದ ಪಕ್ಕ ನಿಂತು "ನನಗೆ ಗೊತ್ತಿತ್ತು ಅಷ್ಟೇ, ಗುಂಡು ಹಾರಿಸಿಕೊಂಡವನು ಅವನೇ" ಎಂದ. ಸುರಪುರದ ಯಾವ ಕಟ್ಟೆಯಲ್ಲಿ ಈ ಮಾತನ್ನು ಒಪ್ಪುತ್ತಾರೆ?

ಇನ್ನೊಂದು ಸಂಗತಿಯೂ ಇದೆ, ಅದು ನನಗೆ ಹೆಚ್ಚು ಮುಖ್ಯ. ಟೇಲರನ ಕಥೆಯಲ್ಲಿ ಜಾತಕ ಮುಂದೆ ಬಂದಷ್ಟೂ ಕಂಪನಿ ಹಿಂದೆ ಸರಿಯುತ್ತದೆ. ಸಂಸ್ಥಾನವನ್ನು ಸುತ್ತುವರಿದದ್ದು, ವಿಚಾರಣೆ ನಡೆಸಿದ್ದು, 1860ರಲ್ಲಿ ಸುರಪುರವನ್ನು ಒಂದು ಇನಾಮಿನಂತೆ ನಿಜಾಮನ ಕೈಗೆ ಕೊಟ್ಟದ್ದು ಎಲ್ಲವೂ ವಿಧಿಯ ನಾಟಕದ ರಂಗಸಜ್ಜಿಕೆಯಾಗುತ್ತವೆ. ಅಧಿಕಾರ ಇರುವವನ ಕೈಯನ್ನು ಮರೆಮಾಡುವ ಒಂದು ವಿಧಾನ ವಿಧಿಯ ಮಾತು. "ಅವನೇ ಆರಿಸಿಕೊಂಡ" ಎಂಬುದು ಇನ್ನೊಂದು ವಿಧಾನ. ಒಂದು ಹಣೆಬರಹಕ್ಕೆ ದೂರು ಒಯ್ಯುತ್ತದೆ, ಇನ್ನೊಂದು ಸತ್ತವನಿಗೇ ಒಯ್ಯುತ್ತದೆ. ಎರಡರಲ್ಲೂ ಮೇಲಿನವನಿಗೆ ನೋಟೀಸು ಹೋಗುವುದಿಲ್ಲ.

ಹಾಗಾಗಿ ನನಗೆ ಒಳಚಿಲಕದ ಬೋಧಕರಿಗಿಂತ ಕ್ಯಾಲ್ವಿನ್ ಮೇಲು ಅನ್ನಿಸುತ್ತದೆ. ನಾಲ್ಕೈದನೇ ಶತಮಾನದ ಅಗಸ್ಟೀನ್ ಆಗಲೇ ಈ ದಾರಿ ಹಿಡಿದಿದ್ದ. ಆದಾಮನ ಪಾಪದಿಂದ ಇಡೀ ಮನುಷ್ಯಕುಲ ನಾಶಕ್ಕೆ ತಕ್ಕ ಮುದ್ದೆಯಾಗಿದೆ, ಅದರಿಂದ ಕೆಲವರನ್ನು ದೇವರು ಎತ್ತಿಕೊಳ್ಳುತ್ತಾನೆ, ಯಾರನ್ನು ಯಾಕೆ ಎಂಬುದು ಅವನ ಗುಟ್ಟು. ದೀಕ್ಷಾಸ್ನಾನವಿಲ್ಲದೆ ಸತ್ತ ಹಸುಗೂಸಿಗೂ ಅವನು ವಿನಾಯಿತಿ ಕೊಡಲಿಲ್ಲ. ಅವುಗಳ ಶಿಕ್ಷೆ ಎಲ್ಲಕ್ಕಿಂತ ಹಗುರ ಎಂದಷ್ಟೇ ಹೇಳಿದ. ಕ್ಯಾಲ್ವಿನ್ ಇದನ್ನು ತುದಿ ಮುಟ್ಟಿಸಿದ. ಕೆಲವರು ನಿತ್ಯಜೀವಕ್ಕೆ, ಕೆಲವರು ನಿತ್ಯನಾಶಕ್ಕೆ ದೇವರ ಸಂಕಲ್ಪದಿಂದಲೇ ನೇಮಕಗೊಂಡಿದ್ದಾರೆ ಎಂದು 1559ರ ತನ್ನ ಗ್ರಂಥದ ಕೊನೆಯ ಆವೃತ್ತಿಯಲ್ಲಿ ಮುಚ್ಚುಮರೆಯಿಲ್ಲದೆ ಬರೆದ. ಈ ಸಂಕಲ್ಪ ಭಯಂಕರವಾದದ್ದು ಎಂದೂ ಅವನೇ ಒಪ್ಪಿಕೊಂಡ. ನನಗೆ ಅವನ ದೇವರ ಬಗ್ಗೆ ಹೆದರಿಕೆಯಿದೆ, ಆದರೆ ಅವನ ಲೆಕ್ಕದಲ್ಲಿ ಕಳ್ಳತನವಿಲ್ಲ. ಸಾರ್ವಭೌಮ ಎಂದರೆ ಸಾರ್ವಭೌಮ. ಗೆಲುವಿಗೆ ಮಾತ್ರ ದೇವರು, ಸೋಲಿಗೆ ಮನುಷ್ಯ ಎಂಬ ಚೌಕಾಶಿ ಅವನಲ್ಲಿ ಇಲ್ಲ.

ಅವರೆಲ್ಲರ ಆಸರೆ ಪೌಲನ ಕುಂಬಾರ. ರೋಮಾಪುರದವರಿಗೆ ಬರೆದ ಪತ್ರದ ಒಂಬತ್ತನೇ ಅಧ್ಯಾಯದಲ್ಲಿ ಪೌಲ ಕೇಳುತ್ತಾನೆ, ಮಣ್ಣು ಕುಂಬಾರನನ್ನು ಪ್ರಶ್ನಿಸಬಹುದೆ ಎಂದು. ಪೌಲನಿಗೆ ಅಲ್ಲಿ ಇಸ್ರಾಯೇಲರ ಇತಿಹಾಸದ ಒಂದು ಒಗಟು ಬಿಡಿಸಬೇಕಿತ್ತು; ಮುಂದೆ ಹನ್ನೊಂದನೇ ಅಧ್ಯಾಯಕ್ಕೆ ಬಂದರೆ ದೇವರು ಎಲ್ಲರ ಮೇಲೂ ಕರುಣೆ ತೋರುವ ಮಾತಿಗೇ ಬರುತ್ತಾನೆ. ಅದನ್ನು ಓದದೆ ಕುಂಬಾರನನ್ನಷ್ಟೇ ಎತ್ತಿಕೊಂಡು ಬಂದವರಿಗೆ ನನ್ನದೊಂದು ಮಾತು. ಸೊಟ್ಟಗಾದ ಗಡಿಗೆಯನ್ನು ಕುಂಬಾರ ಒಡೆದು ಮತ್ತೆ ಕಲಸುತ್ತಾನೆ, ಯಾರದೂ ತಕರಾರಿಲ್ಲ. ಆದರೆ ಅಳುವ ಶಕ್ತಿಯಿರುವ ಗಡಿಗೆಗಳನ್ನು ಮಾಡಿ, ಆವಿಗೆಯ ಬೆಂಕಿ ಎಂದಿಗೂ ಆರದಂತೆ ಸೌದೆ ಒಟ್ಟಿ, ಅವು ಅಳುವುದನ್ನು ಕೇಳುತ್ತ ಕೂತ ಕುಂಬಾರನನ್ನು ಕಸುಬುದಾರ ಎನ್ನುವುದಿಲ್ಲ.

ಈ ಅಸಹ್ಯ ಒಳಗಿನವರಿಗೂ ಆಗಿದೆ. ಯಾದಗಿರಿಯಲ್ಲಿ ಮೆಥೋಡಿಸ್ಟರ ಕೆಲಸ ಹಳೆಯದು, ಹೋಲ್ಸ್ಟನ್ ಆಸ್ಪತ್ರೆ ಅವರದ್ದೇ. ಈ ಸಭೆಯ ಮೂಲಪುರುಷ ಜಾನ್ ವೆಸ್ಲಿ 1739ರಲ್ಲಿ ಬ್ರಿಸ್ಟಲ್‌ನಲ್ಲಿ ಮಾಡಿದ ಒಂದು ಪ್ರಸಂಗದಲ್ಲಿ ಕ್ಯಾಲ್ವಿನ್ ಪಂಥದ ಮೇಲೆ ಹರಿಹಾಯ್ದ. ಈ ಸಿದ್ಧಾಂತ ದೇವರನ್ನು ಸೈತಾನನಿಗಿಂತ ಕೀಳು ಮಾಡುತ್ತದೆ ಎಂದ. ಆಪ್ತ ಗೆಳೆಯ ಜಾರ್ಜ್ ವಿಟ್‌ಫೀಲ್ಡ್ ಈ ಕಾರಣಕ್ಕೇ ದೂರವಾದ. ಎಂದರೆ ಪೂರ್ವನೇಮಕದ ನರಕವನ್ನು ಕಂಡು ಕಿಡಿಕಾರಿದವನ ಸಂತತಿಯೇ ನಮ್ಮ ಜಿಲ್ಲೆಗೆ ಬಂದದ್ದು. ಕೃಪೆ ಎಲ್ಲರಿಗೂ ಉಚಿತ, ಎಲ್ಲರಿಗೂ ಮೊದಲೇ ಕೊಟ್ಟಾಗಿದೆ, ತೆಗೆದುಕೊಳ್ಳುವುದು ನಿನ್ನ ಕೈಯಲ್ಲಿದೆ ಎಂಬುದು ವೆಸ್ಲಿಯ ಮಾತು. ಕ್ಯಾಲ್ವಿನನಿಗಿಂತ ಎಷ್ಟೋ ಮಾನವೀಯ. ಆದರೂ ಅರ್ಧ ದಾರಿ. ತೆಗೆದುಕೊಳ್ಳದವರಿಗೆ ನಿತ್ಯನರಕ ಹಾಗೇ ಉಳಿಯಿತು, ಯಾರು ತೆಗೆದುಕೊಳ್ಳುವುದಿಲ್ಲವೆಂದು ದೇವರಿಗೆ ಮೊದಲೇ ಗೊತ್ತಿರುವುದೂ ಉಳಿಯಿತು. ಗೊತ್ತಿದ್ದೂ ಸೃಷ್ಟಿಸಿದ್ದೇಕೆ ಎಂಬಲ್ಲಿಗೆ ಬಂದಾಗ ವೆಸ್ಲಿಯ ಬಂಡಿಯೂ ನಿಲ್ಲುತ್ತದೆ. (ಕ್ಯಾಥೊಲಿಕರಲ್ಲಿ ಜೆಸುಯಿಟರೂ ಡೊಮಿನಿಕನ್ನರೂ ಇದೇ ಗಂಟಿಗೆ ವರ್ಷಗಟ್ಟಲೆ ಕಿತ್ತಾಡಿದರು. 1607ರಲ್ಲಿ ಪೋಪ್ ಐದನೇ ಪೌಲ್ ತೀರ್ಪು ಕೊಡದೆ, ಒಬ್ಬರನ್ನೊಬ್ಬರು ಪಾಷಂಡಿಗಳೆಂದು ಕರೆಯಬೇಡಿ ಎಂದು ಎರಡೂ ಕಡೆಯವರನ್ನು ಮನೆಗೆ ಕಳಿಸಿದ. ಅಲ್ಲಿಂದ ಇಲ್ಲಿಯವರೆಗೆ ಆ ಕಡತ ಮುಚ್ಚಿಲ್ಲ.)

ಇಷ್ಟು ಓದುವಾಗ ಕೆಲವು ಓದುಗರು ಮುಗುಳ್ನಗುತ್ತಿರಬಹುದು: ಇದೆಲ್ಲ ಪಶ್ಚಿಮದ ರೋಗ, ನಮ್ಮಲ್ಲಿ ನಿತ್ಯನರಕ ಎಂಬುದೇ ಇಲ್ಲ, ಕರ್ಮ ಸವೆದ ಮೇಲೆ ಎಲ್ಲರಿಗೂ ಇನ್ನೊಂದು ಜನ್ಮ ಇದೆ ಎಂದು. ಸಾಹಿತ್ಯದ ಸಭೆಗಳಲ್ಲೂ ಈ ಮಾತು ಧಾರಾಳವಾಗಿ ಓಡಾಡುತ್ತದೆ. ಇದು ಓದದವರ ಹೆಮ್ಮೆ. ನಿತ್ಯನರಕದ ಅತ್ಯಂತ ಬಿಗಿಯಾದ ತರ್ಕವನ್ನು ಕಟ್ಟಿದವರಲ್ಲಿ ಒಬ್ಬರು ನಮ್ಮ ಉಡುಪಿಯವರು. ಹದಿಮೂರನೇ ಶತಮಾನದ ಮಧ್ವಾಚಾರ್ಯರು ಜೀವರನ್ನು ಮೂರು ಬಗೆಯಾಗಿ ನೋಡಿದರು: ಮುಕ್ತಿಯೋಗ್ಯರು, ಸಂಸಾರದಲ್ಲೇ ಸುತ್ತುವ ನಿತ್ಯಸಂಸಾರಿಗಳು, ತಮೋಯೋಗ್ಯರು. ಮೂರನೆಯವರಿಗೆ ಕೊನೆಗೆ ಅಂಧಂತಮಸ್ಸು, ಅಲ್ಲಿಂದ ಮರಳಿ ಬರುವ ದಾರಿಯಿಲ್ಲ. ಇದು ಉಡುಪಿಯಲ್ಲೇ ಉಳಿದ ಸಂಸ್ಕೃತದ ಸಂಗತಿಯೂ ಅಲ್ಲ. ದ್ವೈತದ ತತ್ತ್ವವನ್ನು ಕನ್ನಡ ಷಟ್ಪದಿಗೆ ಇಳಿಸಿದ ಹರಿಕಥಾಮೃತಸಾರ ನಮ್ಮ ಪಕ್ಕದ ಮಾನ್ವಿಯ ಜಗನ್ನಾಥದಾಸರದು. ಈ ತಮೋಯೋಗ್ಯರ ಕಲ್ಪನೆ ಎಷ್ಟು ಕ್ರೈಸ್ತವಾಗಿ ಕಂಡಿತೆಂದರೆ, ಗ್ರಿಯರ್ಸನ್‌ನಂಥ ವಿದ್ವಾಂಸರು ಮಧ್ವರ ಮೇಲೆ ಕರಾವಳಿಯ ಕ್ರೈಸ್ತರ ಪ್ರಭಾವವನ್ನು ಹುಡುಕಿದರು. ಹೆಲ್ಮುಟ್ ಫಾನ್ ಗ್ಲಾಸೆನಪ್ 1923ರ ತನ್ನ ಗ್ರಂಥದಲ್ಲಿ, ಆಮೇಲೆ ನಮ್ಮ ಬಿ. ಎನ್. ಕೆ. ಶರ್ಮರು ಆ ಊಹೆಯನ್ನು ತಳ್ಳಿಹಾಕಿದರು. ಸರಿಯಾಗಿಯೇ ತಳ್ಳಿದರು. ನರಕ ಕಲ್ಪಿಸಲು ಯಾರೂ ಯಾರಿಂದಲೂ ಕಡ ತರಬೇಕಾಗಿಲ್ಲ.

ತರ್ಕದ ಪಂದ್ಯ ಇಟ್ಟರೆ ಮಧ್ವರು ಕ್ಯಾಲ್ವಿನನನ್ನು ಸೋಲಿಸುತ್ತಾರೆ ಎಂಬುದು ನನ್ನ ಅಭಿಪ್ರಾಯ. ಮಧ್ವರಲ್ಲಿ ಜೀವ ಅನಾದಿ. ದೇವರು ಜೀವವನ್ನು ಇಲ್ಲದಲ್ಲಿಂದ ಸೃಷ್ಟಿಸುವುದಿಲ್ಲ. ಮೊದಲೇ ಇರುವ ಅದರ ಸ್ವರೂಪ ಹೊರಬರುವಂತೆ ನಡೆಸುತ್ತಾನೆ. ಬೇವಿನ ಬೀಜ ಬೇವಾದರೆ ಮಳೆ ಸುರಿಸಿದವನ ತಪ್ಪಲ್ಲ ಎನ್ನಲು ಅಲ್ಲಿ ಜಾಗವಿದೆ. ಕ್ರೈಸ್ತ ದೈವಶಾಸ್ತ್ರಕ್ಕೆ ಈ ಜಾಗವಿಲ್ಲ. ಅಲ್ಲಿ ಬೀಜವನ್ನೂ ಅದರ ಕಹಿಯನ್ನೂ ಮಾಡಿದವನು ಒಬ್ಬನೇ. ಮಧ್ವರ ಗೆಲುವಿಗೆ ತೆತ್ತ ಬೆಲೆ ಸಣ್ಣದೇನಲ್ಲ. ಎಷ್ಟು ಜನ್ಮ ಎತ್ತಿದರೂ ಬದಲಾಗಲಾರದ ಜೀವವೊಂದು ಇದೆ ಎಂದು ಒಪ್ಪುವುದು ನನ್ನಿಂದಾಗದು. ಹನ್ನೆರಡನೇ ಶತಮಾನದ ಶರಣರು ಸ್ವರ್ಗ ನರಕಗಳನ್ನು ಸತ್ತಮೇಲಿನ ಊರುಗಳ ಪಟ್ಟಿಯಿಂದ ಕಿತ್ತು ಬದುಕಿನ ನಡತೆಗೆ ತಂದಿದ್ದರು. ಅವರ ಹೆಸರಲ್ಲಿ ನಡೆಯುವ ಜಾತ್ರೆಗಳಲ್ಲೇ ಇವತ್ತು "ಹಣೆಯಾಗ ಬರದಿದ್ದು ತಪ್ಪತದೇನು" ಎಂಬ ಮಾತು ಅತಿ ಹೆಚ್ಚು ಕೇಳುತ್ತದೆ. ಯಾರನ್ನು ಅಣಕಿಸುವ ಅಧಿಕಾರ ನಮಗಿದೆ?

ಮತ್ತೆ ಆ ಮುದುಕಿಯ ಆಯ್ಕೆಗೆ ಬರುತ್ತೇನೆ. "ಅಕಿನೇ ತಗೊಳ್ಳಿಲ್ಲ" ಎಂಬ ಮಾತಿನಲ್ಲಿರುವ ಸ್ವಾತಂತ್ರ್ಯ ಎಂಥದ್ದು? 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಯಾದಗಿರಿ ರಾಜ್ಯಕ್ಕೇ ಕೊನೆಯ ಜಿಲ್ಲೆ. ಪರೀಕ್ಷಾ ಮಂಡಳಿ ಆ ವರ್ಷ ಕೃಪಾಂಕವನ್ನು ಏರಿಸಿದ ಮೇಲೂ ಸುಮಾರು ಅರ್ಧದಷ್ಟು ಮಕ್ಕಳು ಫೇಲು. ಅವರು ಓದಲಿಲ್ಲ, ಫೇಲಾದರು ಎನ್ನಬಹುದು, ಸುಳ್ಳೂ ಅಲ್ಲ. ಮಾಸ್ತರರಿಲ್ಲದ ಶಾಲೆ, ಸುಗ್ಗಿ ಮುಗಿದ ಕೂಡಲೇ ಬೆಂಗಳೂರಿಗೋ ಮುಂಬಯಿಗೋ ಗುಳೆ ಹೋಗುವ ಅಪ್ಪ ಅವ್ವ, ಮನೆಯಲ್ಲಿ ತಮ್ಮಂದಿರನ್ನು ನೋಡಿಕೊಳ್ಳುವ ಹುಡುಗಿ, ಇಷ್ಟನ್ನೂ ಪಕ್ಕಕ್ಕಿಟ್ಟರೆ ಸುಳ್ಳಲ್ಲ. ಆದರೆ ಫೇಲಾದವರಿಗೆ ಪರೀಕ್ಷಾ ಮಂಡಳಿ ಆ ವರ್ಷ ಮತ್ತೆ ಪರೀಕ್ಷೆ ಇಟ್ಟಿತು, ಒಂದಲ್ಲ ಎರಡು ಸಲ. ಮಂಡಳಿಗಿರುವಷ್ಟು ಕರುಣೆಯೂ ನಿತ್ಯನರಕದ ದೇವರಿಗಿಲ್ಲ ಎಂದು ಹೇಳಲು ನನಗೇ ಮುಜುಗರವಾಗುತ್ತದೆ.

ಈ ಸ್ವತಂತ್ರ ಇಚ್ಛೆಯ ವಿಷಯದಲ್ಲಿ ನಮ್ಮ ಸರ್ಕಾರವೂ ಒಂದು ದೈವಶಾಸ್ತ್ರ ಬರೆದಿದೆ. 2022ರ ಕರ್ನಾಟಕದ ಮತಾಂತರ ಕಾಯ್ದೆ ಬಲವಂತ, ಆಮಿಷಗಳ ಮತಾಂತರಕ್ಕೆ ಮೂರರಿಂದ ಐದು ವರ್ಷ ಜೈಲು ಎಂದಿತು. ಮತಾಂತರಗೊಂಡವರು ಹೆಂಗಸರೋ, ಅಪ್ರಾಪ್ತರೋ, ಪರಿಶಿಷ್ಟ ಜಾತಿ ಪಂಗಡದವರೋ ಆದರೆ ಹತ್ತು ವರ್ಷದವರೆಗೆ. ಅದನ್ನು ರದ್ದು ಮಾಡುವುದಾಗಿ 2023ರ ಜೂನಿನಲ್ಲಿ ಸಂಪುಟ ತೀರ್ಮಾನಿಸಿತು. ಕಾಯ್ದೆಯ ಹಿಂದಿನ ಮನಸ್ಸನ್ನು ಗಮನಿಸಿ. ದಲಿತ ಹೆಂಗಸೊಬ್ಬಳು ದೀಕ್ಷಾಸ್ನಾನಕ್ಕೆ ಹೂಂ ಎಂದರೆ ಅವಳ ಹೂಂ ಮೇಲೆ ಸಂಶಯ. ಅವಳಿಗೆ ಆರಿಸಿಕೊಳ್ಳುವ ಬುದ್ಧಿ ಇರಲಾರದು, ಯಾರೋ ಅಕ್ಕಿ ತೋರಿಸಿರಬೇಕು. ಅದೇ ಹೆಂಗಸು ಉಹೂಂ ಎಂದರೆ ಬೋಧಕನ ಲೆಕ್ಕದಲ್ಲಿ ಅವಳ ಉಹೂಂ ಎಷ್ಟು ಸ್ವತಂತ್ರ, ಎಷ್ಟು ಪರಿಪೂರ್ಣವೆಂದರೆ ಅನಂತಕಾಲದ ಬೆಂಕಿಯನ್ನು ಅದರ ಮೇಲೆ ಹೊರಿಸಬಹುದು. ಒಬ್ಬರಿಗೆ ಅವಳ ಒಪ್ಪಿಗೆ ಲೆಕ್ಕಕ್ಕಿಲ್ಲ, ಇನ್ನೊಬ್ಬರಿಗೆ ಅವಳ ನಿರಾಕರಣೆ ಅತಿಯಾಗಿ ಲೆಕ್ಕಕ್ಕಿದೆ. ಜೀವಮಾನವಿಡೀ ಯಾವ ಕಾಗದದ ಮೇಲೂ ಅವಳ ಮಾತನ್ನು ಯಾರೂ ಬರೆದುಕೊಳ್ಳಲಿಲ್ಲ. ನರಕದ ವಾರಂಟಿಗೆ ಮಾತ್ರ ಅವಳ ಹೆಬ್ಬೆಟ್ಟು ಸಾಕಾಯಿತು.

ಇದನ್ನು ಬರೆಯುವಾಗ ಒಂದು ಅಳುಕು ಇದೆ. ಪ್ರಾರ್ಥನಾ ಮನೆಗಳ ಮೇಲೆ ನುಗ್ಗುವವರು ನನ್ನ ವಾದವನ್ನು ಎತ್ತಿಕೊಂಡು "ನೋಡಿ, ನಾವು ಹೇಳಿದ್ದೂ ಇದನ್ನೇ" ಎನ್ನಬಹುದು. ಅವರು ಹೇಳಿದ್ದು ಇದನ್ನಲ್ಲ. ಆ ಮುದುಕಿಗೆ ಊರ ಬಾವಿಯ ನೀರು ಸೇದಲು ಬಿಡದವರು ಸುವಾರ್ತೆಯವರಲ್ಲ. ಅವಳ ಮಗನಿಗೆ ಮೊದಲ ಸಲ ಕುರ್ಚಿ ಹಾಕಿ ಕೂರಿಸಿದವರು ಯಾರು ಎಂಬುದೂ ನಮ್ಮ ಭಾಗದಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ನನ್ನ ಜಗಳ ಕುರ್ಚಿ ಹಾಕಿದ ಧರ್ಮದೊಂದಿಗೆ, ಅದು ಅವನ ಅವ್ವನನ್ನು ಎಲ್ಲಿ ಕೂರಿಸಿದೆ ಎಂಬ ಬಗ್ಗೆ.

ನಿಜವಾದ ಎದುರುವಾದ ಬೇರೆ ಕಡೆಯಿಂದ ಬರುತ್ತದೆ. ಅದನ್ನು ನನಗೆ ಹೇಳಿದವನೂ ಕ್ರೈಸ್ತ ಗೆಳೆಯನೇ: "ನರಕ ತೆಗೆದುಬಿಟ್ರೆ ನಮ್ಮ ಮುತ್ಯಾನ್ನ ಜೀತಕ್ಕಿಟ್ಟುಕೊಂಡು ಹೊಡೆದವಗ ಶಿಕ್ಷೆ ಎಲ್ಲಿ ಕೊಡ್ತಿ? ಇಲ್ಲಂತೂ ಕೋರ್ಟು ಕೊಡಲಿಲ್ಲ." ಇದನ್ನು ತಳ್ಳಿಹಾಕಲಾರೆ. ಬಡವರಿಗೆ ನರಕ ಹೆದರಿಕೆ ಮಾತ್ರವಲ್ಲ, ಎಷ್ಟೋ ಸಲ ಒಂದೇ ಒಂದು ನ್ಯಾಯಾಲಯ. ಸ್ವರ್ಗವನ್ನು ಮಾತ್ರ ಉಳಿಸಿಕೊಂಡು ತೀರ್ಪನ್ನು ಬಿಟ್ಟುಕೊಡುವ ನುಣುಪು ದೈವಶಾಸ್ತ್ರ ಹೊಟ್ಟೆ ತುಂಬಿದವರದು. ತೀರ್ಪು ಇರಲಿ. ಆ ಧಣಿ ತಾನು ಮಾಡಿದ್ದನ್ನೆಲ್ಲ ಹೊಡೆತ ತಿಂದವನ ಮೈಯಿಂದಲೇ ಅನುಭವಿಸಲಿ, ಎಷ್ಟು ಯುಗ ಬೇಕಾದರೂ ಆಗಲಿ. ಆದರೆ ಕೊನೆಯೇ ಇಲ್ಲದ ಶಿಕ್ಷೆ ನ್ಯಾಯ ಮುಗಿದ ಮೇಲೂ ಮುಂದುವರಿಯುತ್ತದೆ. ಮುತ್ಯಾನ ಸಾಲ ತೀರಿದ ಮೇಲೂ ಬಡ್ಡಿಯ ಹೆಸರಲ್ಲಿ ದುಡಿಸಿಕೊಂಡದ್ದಕ್ಕೇ ಅಲ್ಲವೇ ಜೀತ ಎನ್ನುವುದು? ಮತ್ತು ಗಮನಿಸಿ, ಪ್ರಚಲಿತ ಬೋಧನೆಯ ಪ್ರಕಾರ ಆ ಧಣಿ ಸಾಯುವ ಮುನ್ನ ಒಂದು ಪ್ರಾರ್ಥನೆ ಹೇಳಿ ನಂಬಿದರೆ ಸ್ವರ್ಗಕ್ಕೆ, ಯಲ್ಲಮ್ಮನನ್ನು ನೆನೆದ ಮುದುಕಿ ನರಕಕ್ಕೆ. ಗೆಳೆಯ ಕೇಳಿದ ನ್ಯಾಯ ಈ ನರಕದಲ್ಲೂ ಇಲ್ಲ.

ಹುಡುಗಿ ಮುಂದೊಂದು ದಿನ ಇನ್ನೊಂದನ್ನೂ ಕೇಳಿಯಾಳು: ಆಯಿ ಅಲ್ಲ್ಯಾದಾಳ ಅಂತ ಗೊತ್ತಿದ್ದೂ ನಾನು ಸ್ವರ್ಗದಲ್ಲಿ ಹೆಂಗ ಸುಖವಾಗಿರ್ಲಿ? ಮಧ್ಯಯುಗದ ದೈವಶಾಸ್ತ್ರ ಇದಕ್ಕೂ ಉತ್ತರ ಇಟ್ಟಿದೆ. ಸ್ವರ್ಗದಲ್ಲಿರುವವರಿಗೆ ನರಕದಲ್ಲಿರುವವರ ಶಿಕ್ಷೆ ಕಾಣುತ್ತದೆ, ಆದರೆ ಕನಿಕರ ಹುಟ್ಟುವುದಿಲ್ಲ. ಮೊಮ್ಮಗಳನ್ನು ರಕ್ಷಿಸಬೇಕಾದರೆ ಅವಳೊಳಗಿನ ಮೊಮ್ಮಗಳನ್ನು ಮೊದಲು ಕೊಲ್ಲಬೇಕು ಎಂದಾಯಿತು.

ಬೇರೆ ದಾರಿ ಕ್ರೈಸ್ತ ಪರಂಪರೆಯೊಳಗೇ ಇತ್ತು. ಮೂರನೇ ಶತಮಾನದ ಒರಿಗೆನ್, ನಾಲ್ಕನೇ ಶತಮಾನದ ನಿಸ್ಸದ ಗ್ರೆಗರಿ ಶಿಕ್ಷೆಯ ಬೆಂಕಿಯನ್ನು ಅಕ್ಕಸಾಲಿಗನ ಬೆಂಕಿಯಂತೆ ಕಂಡರು. ಕಸ ಸುಡುತ್ತದೆ, ಚಿನ್ನ ಉಳಿಯುತ್ತದೆ, ಕೊನೆಗೆ ಎಲ್ಲ ಜೀವಗಳೂ ದೇವರಿಗೆ ಮರಳುತ್ತವೆ. ಒರಿಗೆನ್ ಆರನೇ ಶತಮಾನದಲ್ಲಿ ಚಕ್ರವರ್ತಿ ಜಸ್ಟಿನಿಯನ್ನನ ಕೋಪಕ್ಕೆ ಸಿಕ್ಕಿ ಪಾಷಂಡಿಯಾದ. ಗ್ರೆಗರಿ ಇಂದಿಗೂ ಸಂತ. 1964ರಲ್ಲಿ ಎರಡನೇ ವ್ಯಾಟಿಕನ್ ಪರಿಷತ್ತು, ತಮ್ಮ ತಪ್ಪಿಲ್ಲದೆ ಸುವಾರ್ತೆಯನ್ನು ಅರಿಯದವರೂ ರಕ್ಷಣೆ ಹೊಂದಬಹುದು ಎಂದಿತು. ಝೇವಿಯರನ ಜಪಾನೀ ಗೆಳೆಯರಿಗೆ ಈ ಉತ್ತರ ಸಿಗಲು ನಾನೂರಹನ್ನೆರಡು ವರ್ಷ ಬೇಕಾಯಿತು.

ಯಾದಗಿರಿಯ ಬೋಧಕರು ಅಷ್ಟು ದೂರ ಹೋಗಬೇಕಾಗಿಲ್ಲ. ವೆಸ್ಲಿ ಸಾಯುವ ಹಿಂದಿನ ವರ್ಷ, 1790ರ ಒಂದು ಪ್ರಸಂಗದಲ್ಲಿ, ಹೊರಗಿರುವವರಿಗೆ ತೀರ್ಪು ಕೊಡುವ ಅಧಿಕಾರ ದೇವರ ವಾಕ್ಯದಿಂದ ತನಗೆ ಸಿಕ್ಕಿಲ್ಲ ಎಂದ. ಅನ್ಯಧರ್ಮೀಯರ, ಮುಸಲ್ಮಾನರ ಇಡೀ ಲೋಕವನ್ನು ನರಕಕ್ಕೆ ಬರೆದುಕೊಡುವ ಹಕ್ಕು ಬದುಕಿರುವ ಯಾವ ಮನುಷ್ಯನಿಗೂ ಇದ್ದಂತೆ ಕಾಣೆ ಎಂದ. ಅವರನ್ನು ಸೃಷ್ಟಿಸಿದವನಿಗೇ ಬಿಡುವುದು ಲೇಸು ಎಂದ. ಐವತ್ತು ವರ್ಷ ಕುದುರೆಯ ಮೇಲೆ ಊರೂರು ತಿರುಗಿ ನರಕದ ಬಗ್ಗೆ ಎಚ್ಚರಿಸಿದ ಎಂಬತ್ತೇಳರ ಮುದುಕನ ಮಾತಿದು. ಅವನ ಪಟ ನಿಮ್ಮ ಸಭೆಯ ಗೋಡೆಗಳ ಮೇಲಿದೆ. ಅವನು ಬಿಟ್ಟುಕೊಟ್ಟ ಅಧಿಕಾರ, ಬಸ್‌ಸ್ಟ್ಯಾಂಡಿನಲ್ಲಿ ಕರಪತ್ರ ಹಂಚುವ ನಿಮಗೆ ಯಾರಿಂದ ಬಂತು?